ಸೋತ ಮರುದಿನ

2024ರ ಜೂನ್ 4ರ ಸಂಜೆ ಮುಂಬೈಯಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ಮುಖ ನೋಡಿ ಹೇಳುವಂತಿರಲಿಲ್ಲ. ಸರ್ಕಾರ ರಚಿಸುವಷ್ಟು ಸ್ಥಾನ ಪಡೆದವರು ಮಂಕಾಗಿ ಕುಳಿತಿದ್ದರು. ಇನ್ನೂ ಐದು ವರ್ಷ ವಿರೋಧ ಪಕ್ಷದ ಸಾಲಿನಲ್ಲಿ ಕೂರಬೇಕಾದವರು ಪೇಡೆ ಹಂಚುತ್ತಿದ್ದರು. ಬಿಜೆಪಿಗೆ 240, ಅದರ ಮೈತ್ರಿಕೂಟಕ್ಕೆ 293, ಕಾಂಗ್ರೆಸ್ಸಿಗೆ 99. ಬಹುಮತಕ್ಕೆ 272 ಸಾಕು. ಆದರೆ ನಾನೂರು ದಾಟುತ್ತೇವೆ ಎಂದು ಹೊರಟವರಿಗೆ 293 ಸೋಲಿನಂತೆ ಕಂಡಿತು. ನೂರರ ಹತ್ತಿರ ಬರುತ್ತೇವೆಂಬ ಭರವಸೆಯೂ ಇಲ್ಲದಿದ್ದವರಿಗೆ 99 ಗೆಲುವಿನಂತೆ ಕಂಡಿತು. ಅದೇ ದಿನ ಸೆನ್ಸೆಕ್ಸ್ 4,389 ಅಂಶ ಕುಸಿದಿತ್ತು. ಹಿಂದಿನ ದಿನವಷ್ಟೇ ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಎರಡೂವರೆ ಸಾವಿರ ಅಂಶ ಏರಿದ್ದ ಸೂಚ್ಯಂಕ ಅದು.

ಸ್ಥಾನಗಳ ಸಂಖ್ಯೆ ಮನುಷ್ಯನನ್ನು ಅಷ್ಟಾಗಿ ನೋಯಿಸುವುದಿಲ್ಲ. ನನ್ನ ಸುತ್ತಲಿನ ಜನ ಇಂಥವರು, ಅವರು ಹೀಗೆ ಯೋಚಿಸುತ್ತಾರೆ ಎಂದು ಐದು ವರ್ಷ ನಂಬಿಕೊಂಡಿದ್ದು ಒಂದು ಮಧ್ಯಾಹ್ನದಲ್ಲಿ ಸುಳ್ಳಾಗುತ್ತದಲ್ಲ, ನೋವು ಅಲ್ಲಿದೆ. ಪಕ್ಷ ಸೋತಿತು ಎನ್ನುವುದಕ್ಕಿಂತ, ದಿನವೂ ಲೋಕಲ್ ರೈಲಿನಲ್ಲಿ ಪಕ್ಕದಲ್ಲಿ ನಿಲ್ಲುವ ಮನುಷ್ಯ ನನಗೆ ಅರ್ಥವೇ ಆಗಿರಲಿಲ್ಲ ಎಂಬುದು ಹೆಚ್ಚು ಕುಟುಕುತ್ತದೆ. ರಾಜಕೀಯದಲ್ಲಿ ನಯಾಪೈಸೆ ಲಾಭವಿಲ್ಲದವರೂ ಫಲಿತಾಂಶದ ದಿನ ಊಟ ಬಿಡುವುದು ಅದಕ್ಕೇ.

ನಾನು ಮುಂಬೈಗೆ ಬಂದು ದಶಕಗಳೇ ಕಳೆದಿವೆ. ಕೋಟೆ ಭಾಗದ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆ, ಆಮೇಲೆ ಬ್ಯಾಂಕು. ಕರಾವಳಿಯಿಂದ ಬಂದ ನನ್ನ ತಲೆಮಾರಿನ ಎಷ್ಟೋ ಜನರ ದಾರಿಯೇ ನನ್ನದು ಕೂಡ. ಈಗ ಗೋರೆಗಾಂವ್‌ನಲ್ಲಿದ್ದೇನೆ. ಇಷ್ಟು ಲೋಕಸಭಾ ಚುನಾವಣೆಗಳಲ್ಲಿ ನಾನು ಸೋತದ್ದೂ ಇದೆ, ಗೆದ್ದದ್ದೂ ಇದೆ. ಯಾವ ಪಕ್ಷದೊಂದಿಗೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅರ್ಧದಷ್ಟು ಓದುಗರು ಮುಂದಿನ ಮಾತನ್ನು ನನ್ನ ಪಕ್ಷದ ಮಾತೆಂದೇ ಓದುತ್ತಾರೆ. ನನಗೆ ಹೇಳಬೇಕಾಗಿರುವುದು ಎರಡೂ ಕಡೆಯವರಿಗೆ.

ಹೊರನಾಡಿನಲ್ಲಿರುವ ನಮಗೆ ಲೋಕಸಭೆಯ ಫಲಿತಾಂಶ ಎರಡು ಸಲ ಬರುತ್ತದೆ. ನಮ್ಮ ಮತ ಇಲ್ಲಿ, ಮನಸ್ಸಿನ ಅರ್ಧ ಅಲ್ಲಿ. ಕೆಲವರಿಗೆ ಮತವೂ ಅಲ್ಲೇ. 2024ರಲ್ಲಿ ಉಡುಪಿ ಚಿಕ್ಕಮಗಳೂರು, ದಕ್ಷಿಣ ಕನ್ನಡ ಕ್ಷೇತ್ರಗಳಿಗೆ ಏಪ್ರಿಲ್ 26ರಂದು ಮತದಾನವಿತ್ತು, ಮುಂಬೈಗೆ ಮೇ 20ರಂದು. ಆ ಏಪ್ರಿಲ್‌ನಲ್ಲಿ ಊರಿಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋಟೆಲುಗಳಲ್ಲಿ ಹುಡುಗರಿಲ್ಲದೆ ಮಾಲೀಕರೇ ತಟ್ಟೆ ಎತ್ತಿದರು. ಇಲ್ಲಿ ಸೋತು ಅಲ್ಲಿ ಗೆದ್ದವರು, ಅಲ್ಲಿ ಸೋತು ಇಲ್ಲಿ ಗೆದ್ದವರು ನಮ್ಮ ನಡುವೆ ಯಾವಾಗಲೂ ಇದ್ದಾರೆ. 2004ರಲ್ಲಿ ಬಿಜೆಪಿ ಕರ್ನಾಟಕದ 28ರಲ್ಲಿ 18 ಸ್ಥಾನ ಗೆದ್ದಿತು. ಅದೇ ಚುನಾವಣೆಯಲ್ಲಿ ಮುಂಬೈಯ ಆರರಲ್ಲಿ ಐದು ಸ್ಥಾನ ಕಾಂಗ್ರೆಸ್ಸಿಗೆ ಹೋದವು. ದೇಶವೆಲ್ಲ ಒಂದು ಕಡೆ ತಿರುಗಿತು ಎಂದು ಟಿವಿಯಲ್ಲಿ ಹೇಳುವಾಗ, ಊರಿನಿಂದ ಬರುವ ಫೋನಿನಲ್ಲಿ ಬೇರೆಯೇ ದೇಶ ಮಾತನಾಡುತ್ತಿರುತ್ತದೆ.

2004ರ ಮೇ 13ನ್ನು ಮುಂಬೈ ಸುಲಭವಾಗಿ ಮರೆಯಲಾರದು. ಭಾರತ ಪ್ರಕಾಶಿಸುತ್ತಿದೆ ಎಂಬ ಜಾಹೀರಾತು ಎಲ್ಲ ಗೋಡೆಗಳ ಮೇಲಿದ್ದ ಕಾಲ. ಸಮೀಕ್ಷೆಗಳು ವಾಜಪೇಯಿಯವರ ಕಡೆಗಿದ್ದವು. ಮಧ್ಯಾಹ್ನದ ಹೊತ್ತಿಗೆ ಕಾಂಗ್ರೆಸ್ 145, ಬಿಜೆಪಿ 138 ಎಂಬ ಚಿತ್ರ ಮೂಡತೊಡಗಿತು. ಲೋಕಸಭೆಯ ಸಭಾಧ್ಯಕ್ಷರಾಗಿದ್ದ ಮನೋಹರ ಜೋಶಿ ತಮ್ಮದೇ ಊರಿನಲ್ಲಿ ಸೋತರು. 1989ರಿಂದ ಸತತ ಐದು ಬಾರಿ ಗೆದ್ದಿದ್ದ ಬಿಜೆಪಿಯ ರಾಮ್ ನಾಯಕ್ ಉತ್ತರ ಮುಂಬೈಯಲ್ಲಿ ಸಿನಿಮಾ ನಟ ಗೋವಿಂದರ ಎದುರು ಸೋತರು. ವಾಜಪೇಯಿ ಅದೇ ಸಂಜೆ ರಾಜೀನಾಮೆ ಕೊಟ್ಟರು. ಮೇ 17ರ ಸೋಮವಾರ ದಲಾಲ್ ಸ್ಟ್ರೀಟ್‌ನಲ್ಲಿ ವಹಿವಾಟನ್ನು ಎರಡು ಸಲ ನಿಲ್ಲಿಸಬೇಕಾಯಿತು. ಪೇಟೆ ಇನ್ನು ಏಳುವುದಿಲ್ಲ ಎಂದು ಹಣ ಕಳೆದುಕೊಂಡವರು ಹೇಳುತ್ತಿದ್ದರು. ಐದು ಸಾವಿರದ ಕೆಳಗಿದ್ದ ಸೂಚ್ಯಂಕ 2007 ಮುಗಿಯುವ ಹೊತ್ತಿಗೆ ಇಪ್ಪತ್ತು ಸಾವಿರ ಮುಟ್ಟಿತ್ತು.

ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಪೇಟೆಯಲ್ಲ, ಜನರ ಮಾತು. ರಾಮ್ ನಾಯಕ್ ಸೋತದ್ದಕ್ಕೆ ಬೊರಿವಲಿ ಕಡೆಯ ನಮ್ಮವರು ನಿಜವಾಗಿ ದುಃಖಪಟ್ಟಿದ್ದರು. ರೈಲಿನ ವಿಷಯ, ನೀರಿನ ವಿಷಯ ಹಿಡಿದು ಹೋದರೆ ಕೇಳುವ ಮನುಷ್ಯ ಎಂದು ಅವರ ಪಕ್ಷದವರಲ್ಲದವರೂ ಹೇಳುತ್ತಿದ್ದರು. ಆ ದುಃಖ ನ್ಯಾಯವಾದದ್ದು. ಅದರ ಬೆನ್ನಿಗೇ ಬಂದ ಮಾತು ಮಾತ್ರ ನನಗೆ ಸಹಿಸಲಾಗಲಿಲ್ಲ: ಜನರಿಗೆ ಬುದ್ಧಿಯಿಲ್ಲ, ಸಿನಿಮಾದವನು ಕುಣಿದರೆ ಮತ ಹಾಕುತ್ತಾರೆ. ಹತ್ತು ವರ್ಷದ ನಂತರ, 2014ರ ಮೇ 16ರಂದು, ಅದೇ ಮಾತನ್ನು ಇನ್ನೊಂದು ಕಡೆಯವರ ಬಾಯಿಂದ ಕೇಳಿದೆ: ಜನರಿಗೆ ಬುದ್ಧಿಯಿಲ್ಲ, ಟಿವಿಯವರು ಹೇಳಿದಂತೆ ಕುಣಿಯುತ್ತಾರೆ. 2019ರಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಕಲಬುರಗಿಯಲ್ಲಿ, ದೇವೇಗೌಡರು ತುಮಕೂರಿನಲ್ಲಿ ಸೋತಾಗಲೂ ಅದೇ ವಾಕ್ಯ ಕಿವಿಗೆ ಬಿತ್ತು. ಬಾಯಿ ಬದಲಾಗಿತ್ತು, ಅಷ್ಟೇ.

2012ರಲ್ಲಿ ಬರಾಕ್ ಒಬಾಮ ಎರಡನೆಯ ಸಲ ಗೆದ್ದಾಗ ಅಮೆರಿಕದ ಸಂಶೋಧಕರು ಎರಡೂ ಪಕ್ಷಗಳ ಬೆಂಬಲಿಗರ ದಿನನಿತ್ಯದ ಸಂತೋಷವನ್ನು ಅಳೆದು ನೋಡಿದ್ದರು. ಗೆದ್ದವರ ಸಂತೋಷ ಹೇಳಿಕೊಳ್ಳುವಷ್ಟು ಏರಿರಲಿಲ್ಲ. ಸೋತವರ ದುಃಖ ಮಾತ್ರ ಬಹಳ ತೀವ್ರವಾಗಿತ್ತು. ಅದೂ ಸುಮಾರು ಒಂದು ವಾರದಲ್ಲಿ ತಿಳಿಯಾಗಿತ್ತು. ನಮ್ಮಲ್ಲೂ ಹೆಚ್ಚುಕಡಿಮೆ ಹೀಗೆಯೇ ಎಂದು ನನ್ನ ಅನುಭವ. ಒಂದು ವಾರ ಪತ್ರಿಕೆ ಬಿಡಿಸದವರು ಎಂಟನೆಯ ದಿನ ಚಹಾದ ಜೊತೆ ಬಿಡಿಸುತ್ತಾರೆ. ದುಃಖ ಹೋಗುತ್ತದೆ. ಆ ವಾರದಲ್ಲಿ ನಾವು ನಮಗೇ ಹೇಳಿಕೊಂಡ ಕಾರಣ ಮಾತ್ರ ಹೋಗುವುದಿಲ್ಲ, ವರ್ಷಗಟ್ಟಲೆ ಮನೆಯಲ್ಲೇ ಉಳಿಯುತ್ತದೆ. ನನ್ನ ಚಿಂತೆ ಆ ಕಾರಣದ ಬಗ್ಗೆ.

ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು.

ನನ್ನ ಚಿಕ್ಕಪ್ಪ ಮುಂಬೈಯಲ್ಲಿ ಜಾರ್ಜ್ ಫರ್ನಾಂಡಿಸರ ಹಿಂದೆ ಹೋದವರು. ಮಂಗಳೂರಿನಿಂದ ಬರಿಗೈಯಲ್ಲಿ ಬಂದು, ಚೌಪಾಟಿಯಲ್ಲಿ ಮಲಗಿ, ಟ್ಯಾಕ್ಸಿಯವರನ್ನೂ ಮುನಿಸಿಪಾಲಿಟಿಯ ಕಾರ್ಮಿಕರನ್ನೂ ಹೋಟೆಲ್ ಹುಡುಗರನ್ನೂ ಸಂಘ ಕಟ್ಟಿಸಿದ ಮನುಷ್ಯ ಎಂದರೆ ಚಿಕ್ಕಪ್ಪನಂಥವರಿಗೆ ತಮ್ಮದೇ ಮನೆಯವನು. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಫರ್ನಾಂಡಿಸರು ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಪಾಟೀಲರು ಮೂರು ಸಲ ಮುಂಬೈಯ ಮೇಯರ್ ಆಗಿದ್ದವರು, ಕೇಂದ್ರದ ಮಂತ್ರಿ, ನಗರದ ಕಿರೀಟವಿಲ್ಲದ ದೊರೆ ಎಂದು ಕರೆಸಿಕೊಂಡವರು. ಅಂಥವರನ್ನು ಹೋಟೆಲಿನ ಹುಡುಗರೂ ಟ್ಯಾಕ್ಸಿ ಚಾಲಕರೂ ಸೇರಿ ಸೋಲಿಸಿದರು ಎಂಬುದು ಚಿಕ್ಕಪ್ಪನ ಜೀವನದ ದೊಡ್ಡ ಹಬ್ಬ. ನಾಲ್ಕೇ ವರ್ಷದಲ್ಲಿ, 1971ರಲ್ಲಿ, ಇಂದಿರಾ ಗಾಂಧಿಯವರ ಅಲೆಯಲ್ಲಿ ಅದೇ ಕ್ಷೇತ್ರದಲ್ಲಿ ಫರ್ನಾಂಡಿಸರು ಸೋತರು. ಚಿಕ್ಕಪ್ಪ ಮರುದಿನ ಸಂಘದ ಕಚೇರಿಗೆ ಹೋಗಿ ಚಂದಾ ರಸೀದಿ ಪುಸ್ತಕ ತೆಗೆದುಕೊಂಡು ಎಂದಿನಂತೆ ಹೋಟೆಲು ಹೋಟೆಲು ಅಲೆದರಂತೆ. ಚಂದಾ ಕೊಡುವ ಹುಡುಗರಲ್ಲಿ ಎಷ್ಟೋ ಜನ ಇಂದಿರಾ ಗಾಂಧಿಗೆ ಮತ ಹಾಕಿದ್ದರು. ಅವರಿಗೆ ಅದು ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಬಡತನ ತೊಲಗಿಸುತ್ತೇನೆ ಎಂದ ಹೆಂಗಸಿಗೆ ಬಡವನು ಮತ ಹಾಕಿದರೆ ಅವನ ಮೇಲೆ ಹೇಗೆ ಸಿಟ್ಟು ಮಾಡುವುದು ಎಂದು ಚಿಕ್ಕಪ್ಪ ಆಮೇಲೆ ನನ್ನಲ್ಲಿ ಕೇಳಿದ್ದರು.

ಇನ್ನು ಊರಿನಲ್ಲಿ ನನ್ನ ಅಪ್ಪ. ಗೇಣಿ ಒಕ್ಕಲು. ಧಣಿಯ ಅಂಗಳದಲ್ಲಿ ಅಕ್ಕಿಮುಡಿ ಅಳೆದುಕೊಟ್ಟು ಬೆನ್ನು ಬಾಗಿದವರು. 1974ರ ಭೂಸುಧಾರಣೆ ಕಾನೂನು ಬಂತು. ದೇವರಾಜ ಅರಸರ ಸರ್ಕಾರ. ಅಪ್ಪ ಹೆದರುತ್ತಲೇ, ಉಳುವ ಗದ್ದೆ ತನಗೆ ಸಿಗಬೇಕೆಂದು ಡಿಕ್ಲರೇಶನ್ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಯ ಮುಂದೆ ನಿಂತು ಹೆಸರು ಹೇಳಿದರು. ಗದ್ದೆ ನಮ್ಮದಾಯಿತು. ಅಪ್ಪನಿಗೆ ಇಂದಿರಾ ಗಾಂಧಿ ಎಂದರೆ ಆ ಗದ್ದೆ. ತುರ್ತುಪರಿಸ್ಥಿತಿ ಎಂಬುದು ಅವರಿಗೆ ದೂರದ ಸುದ್ದಿ, ಗದ್ದೆ ಕಾಲಿನ ಕೆಳಗಿನ ಮಣ್ಣು. ಅದೇ ಹೊತ್ತಿಗೆ ಚಿಕ್ಕಪ್ಪನ ನಾಯಕ ಭೂಗತನಾಗಿ, ಸಿಕ್ಕಿಬಿದ್ದು, ಕೈಗೆ ಕೋಳ ಹಾಕಿಸಿಕೊಂಡು ಸೆರೆಮನೆಯಲ್ಲಿದ್ದ. ಸಂಘದ ಗೆಳೆಯರು ತಲೆಮರೆಸಿಕೊಂಡಿದ್ದರು.

1977ರ ಮಾರ್ಚ್ 20ರ ರಾತ್ರಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿ ಸೋತರು. ಮುಂಬೈಯ ಆರಕ್ಕೆ ಆರೂ ಸ್ಥಾನ ಅವರ ವಿರೋಧಿಗಳಿಗೆ ಹೋದವು: ಮೃಣಾಲ್ ಗೋರೆ, ಅಹಲ್ಯಾ ರಾಂಗ್ಣೇಕರ್, ರಾಮ್ ಜೇಠ್ಮಲಾನಿ, ಸುಬ್ರಮಣಿಯನ್ ಸ್ವಾಮಿ ಎಲ್ಲ ಗೆದ್ದ ಚುನಾವಣೆ ಅದು. ಸೆರೆಮನೆಯಲ್ಲಿದ್ದುಕೊಂಡೇ ಫರ್ನಾಂಡಿಸರು ಬಿಹಾರದ ಮುಜಫ್ಫರಪುರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ. ನಮ್ಮ ಉಡುಪಿಯಲ್ಲಿ ಟಿ. ಎ. ಪೈ, ಮಂಗಳೂರಿನಲ್ಲಿ ಜನಾರ್ದನ ಪೂಜಾರಿ ಗೆದ್ದರು. ಚಿಕ್ಕಪ್ಪ ಕೋಟೆಯ ಪತ್ರಿಕಾ ಕಚೇರಿಯ ಮುಂದೆ ಫಲಕ ನೋಡುತ್ತಾ ರಾತ್ರಿಯೆಲ್ಲ ನಿಂತು, ಬೆಳಿಗ್ಗೆ ಊರಿಗೆ ಇನ್‌ಲ್ಯಾಂಡ್ ಪತ್ರ ಬರೆದರು: ದೇಶಕ್ಕೆ ಮತ್ತೆ ಉಸಿರು ಬಂತು ಅಣ್ಣ. ಅದೇ ವಾರ ಊರಿನಿಂದ ಅಪ್ಪ ಪಕ್ಕದ ಮನೆಯ ಮಾಸ್ತರರ ಕೈಯಲ್ಲಿ ಬರೆಸಿದ ಪತ್ರ ಹೊರಟಿತು: ಆ ತಾಯಿ ಸೋತರಂತೆ, ಇನ್ನು ಗದ್ದೆಯನ್ನು ಹಿಂದಕ್ಕೆ ಕೇಳುತ್ತಾರೋ ಏನೋ, ನೀನು ಪಟ್ಟಣದಲ್ಲಿದ್ದೀ, ವಿಚಾರಿಸಿ ತಿಳಿಸು.

ಎರಡು ಪತ್ರಗಳೂ ಆಮೇಲೆ ನನ್ನ ಕೈಗೆ ಬಂದವು. ಓದಿದಾಗಲೆಲ್ಲ ನನಗೆ ಅನಿಸುವುದು, ಈ ಇಬ್ಬರಲ್ಲಿ ಯಾರಿಗೆ ಬುದ್ಧಿಯಿರಲಿಲ್ಲ? ಸಂಘ ಕಟ್ಟಿದ ತಪ್ಪಿಗೆ ಗೆಳೆಯರು ಸೆರೆಮನೆಗೆ ಹೋದದ್ದನ್ನು ಕಂಡವನಿಗೋ? ತಲೆತಲಾಂತರದಿಂದ ಪರರ ಮಣ್ಣು ಉತ್ತು ಕೊನೆಗೆ ಸ್ವಂತದ್ದನ್ನು ಮುಟ್ಟಿದವನಿಗೋ? ಒಬ್ಬಳೇ ತಾಯಿಯ ಮಕ್ಕಳು, ಒಂದೇ ಸುದ್ದಿ. ಅಪ್ಪನನ್ನು ಸರ್ವಾಧಿಕಾರದ ಬೆಂಬಲಿಗ ಎಂದು ಯಾರಾದರೂ ಕರೆದಿದ್ದರೆ ಚಿಕ್ಕಪ್ಪನೇ ಮೊದಲು ಅವರ ಮೇಲೆ ಎಗರುತ್ತಿದ್ದರು. ಏಕೆಂದರೆ ಆ ಮತದ ಹಿಂದಿನ ಗದ್ದೆ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರ ಮತದ ಹಿಂದೆಯೂ ಇಂಥದ್ದೊಂದು ಇರಬಹುದೆಂದು ಊಹಿಸುವ ಶ್ರಮವನ್ನೇ ಸೋತ ದಿನ ನಾವು ಮಾಡುವುದಿಲ್ಲ. ಚಿಕ್ಕಪ್ಪ ಉತ್ತರ ಬರೆದರು: ಕಾನೂನು ಆಗಿದೆ, ಗದ್ದೆ ಯಾರೂ ಕೇಳುವುದಿಲ್ಲ, ಹೆದರಬೇಡ ಅಣ್ಣ. ಗೆದ್ದವನು ಸೋತವನಿಗೆ ಬರೆದ ಪತ್ರಗಳಲ್ಲಿ ನಾನು ಅದಕ್ಕಿಂತ ಒಳ್ಳೆಯದನ್ನು ನೋಡಿಲ್ಲ.

ಆಗ ಇನ್ನೊಂದು ಭಯವೂ ಇತ್ತು. ಸೋತ ಇಂದಿರಾ ಗಾಂಧಿ ಅಧಿಕಾರ ಬಿಡುತ್ತಾರೆಯೇ ಎಂಬ ಪ್ರಶ್ನೆ ದೊಡ್ಡ ದೊಡ್ಡವರ ಮನಸ್ಸಿನಲ್ಲೂ ಇತ್ತು. ಮಾರ್ಚ್ 21ರಂದು ತುರ್ತುಪರಿಸ್ಥಿತಿ ಹಿಂದೆಗೆದುಕೊಳ್ಳಲಾಯಿತು. 22ರಂದು ಅವರು ರಾಜೀನಾಮೆ ಕೊಟ್ಟರು. ಆ ರಾಜೀನಾಮೆ ಸ್ವೀಕರಿಸಿದ ಹಂಗಾಮಿ ರಾಷ್ಟ್ರಪತಿ ನಮ್ಮ ಜಮಖಂಡಿ ಕಡೆಯ ಬಿ. ಡಿ. ಜತ್ತಿ, ಒಂದು ಕಾಲಕ್ಕೆ ಮುಂಬೈ ಸರ್ಕಾರದಲ್ಲಿ ಉಪಮಂತ್ರಿಯಾಗಿದ್ದವರು. ಒಂದು ತಿಂಗಳೂ ಕಳೆಯಲಿಲ್ಲ, ಗೆದ್ದ ಜನತಾ ಪಕ್ಷ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ವಜಾ ಮಾಡಿ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಸಹಿ ಹಾಕಲು ಜತ್ತಿಯವರು ಹಿಂದೇಟು ಹಾಕಿದರು, ಕೊನೆಗೆ ಹಾಕಿದರು. ಪ್ರಜಾಪ್ರಭುತ್ವಕ್ಕಾಗಿ ಸೆರೆಮನೆಗೆ ಹೋಗಿ ಬಂದವರು ಮೊದಲು ಮಾಡಿದ ಕೆಲಸಗಳಲ್ಲಿ ಅದೊಂದು. ಗೆದ್ದವರು 1977ರಲ್ಲಿ ಸಣ್ಣವರಾದರು ಎಂದು ನನ್ನ ಅಭಿಪ್ರಾಯ. 1980ರಲ್ಲಿ ಮರಳಿ ಬಂದ ಇಂದಿರಾ ಗಾಂಧಿಯವರೂ ಅದನ್ನೇ ಮಾಡಿ ತಿರುಗೇಟು ಕೊಟ್ಟರು.

ರಾಜ್ಯಶಾಸ್ತ್ರದಲ್ಲಿ ಸೋತವರ ಸಮ್ಮತಿ ಎಂಬ ಒಂದು ವಿಚಾರವಿದೆ. ಚುನಾವಣೆ ನಡೆಯಿತು ಎಂದು ಹೇಳುವುದಕ್ಕೆ ಗೆದ್ದವರು ಪ್ರಮಾಣವಚನ ತೆಗೆದುಕೊಂಡರೆ ಸಾಲದು, ಸೋತವರು ಸರಿ ಎಂದು ಒಪ್ಪಬೇಕು. ಅದರ ಅತಿ ಧೈರ್ಯದ ಉದಾಹರಣೆ ನನಗೆ ಸಿಗುವುದು ಕರ್ನಾಟಕದಲ್ಲೇ. 1984ರ ಡಿಸೆಂಬರ್. ಇಂದಿರಾ ಹತ್ಯೆಯ ನಂತರದ ಚುನಾವಣೆ. ದೇಶದಲ್ಲಿ ಕಾಂಗ್ರೆಸ್ ನಾನೂರು ದಾಟಿತು, ಬಿಜೆಪಿ ಎರಡಕ್ಕೆ ಇಳಿಯಿತು, ಗ್ವಾಲಿಯರ್‌ನಲ್ಲಿ ವಾಜಪೇಯಿ ಸೋತರು. ಬೆಂಗಳೂರು ಉತ್ತರದಲ್ಲಿ ನಿಂತಿದ್ದ ಫರ್ನಾಂಡಿಸರನ್ನು ಸಿ. ಕೆ. ಜಾಫರ್ ಷರೀಫ್ ಸೋಲಿಸಿದರು. ಕರ್ನಾಟಕದಲ್ಲಿ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಅವರ ಪಕ್ಷಕ್ಕೆ ಸಿಕ್ಕಿದ್ದು 28ರಲ್ಲಿ ನಾಲ್ಕೇ. ವಿಧಾನಸಭೆಯ ಅವಧಿ ಇನ್ನೂ ಬಾಕಿಯಿತ್ತು. ಯಾರೂ ಇಳಿಸುವಂತಿರಲಿಲ್ಲ. ಹೆಗಡೆಯವರು, ಆಳುವ ನೈತಿಕ ಹಕ್ಕು ತಮಗೆ ಉಳಿದಿಲ್ಲ ಎಂದು ರಾಜೀನಾಮೆ ಕೊಟ್ಟು, ಹೊಸ ಚುನಾವಣೆ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಅದೇ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು.

ಇದರಲ್ಲಿ ಹೆಗಡೆಯವರ ಲೆಕ್ಕಾಚಾರವಿರಲಿಲ್ಲ ಎಂದು ನಾನು ಹೇಳುವುದಿಲ್ಲ, ಅವರು ಚಾಣಾಕ್ಷ ರಾಜಕಾರಣಿ. ಆದರೆ ಆ ಲೆಕ್ಕಾಚಾರದ ತಳದಲ್ಲಿ ಮತದಾರನ ಬಗ್ಗೆ ಒಂದು ಗೌರವವಿತ್ತು: ಡಿಸೆಂಬರ್‌ನಲ್ಲಿ ನನ್ನನ್ನು ಬೇಡವೆಂದವನು ಮಾರ್ಚ್‌ನಲ್ಲಿ ನನ್ನ ಮಾತು ಕೇಳಬಲ್ಲ. ಮತದಾರನೂ ಆ ಗೌರವಕ್ಕೆ ತಕ್ಕಂತೆ ನಡೆದುಕೊಂಡ. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಮೂರು ತಿಂಗಳೊಳಗೆ ಬೇರೆ ಬೇರೆಯಾಗಿ ತೀರ್ಮಾನಿಸಿದವನನ್ನು ಅಲೆಯಲ್ಲಿ ಕೊಚ್ಚಿಹೋದವನು ಎನ್ನಲು ಸಾಧ್ಯವೇ?

ಸಂಶಯದ ಮಾತಿಗೆ ಬರುತ್ತೇನೆ. ಸೋತವರಿಗೆ ಅದು ತಪ್ಪದೆ ಬರುತ್ತದೆ. 1971ರಲ್ಲಿ ದಕ್ಷಿಣ ದೆಹಲಿಯಲ್ಲಿ ಸೋತ ಜನಸಂಘದ ಬಲರಾಜ್ ಮಧೋಕ್, ಮತಪತ್ರಗಳಿಗೆ ರಾಸಾಯನಿಕ ಹಚ್ಚಲಾಗಿತ್ತು, ಹಾಕಿದ ಮುದ್ರೆ ಮಾಯವಾಗಿ ಬೇರೆ ಮುದ್ರೆ ಮೂಡುತ್ತಿತ್ತು ಎಂದು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಏರಿತು. 2009ರಲ್ಲಿ ಸೋತ ಬಿಜೆಪಿಯ ಎಲ್. ಕೆ. ಅಡ್ವಾಣಿ, ಮತಯಂತ್ರ ಬೇಡ, ಮತಪತ್ರ ಬೇಕು ಎಂದರು. 2014ರ ನಂತರ ಅದೇ ಬೇಡಿಕೆ ವಿರೋಧ ಪಕ್ಷಗಳ ಕೈಗೆ ಬಂತು. ಇದನ್ನು ಹೇಳಿ ಸಂಶಯವನ್ನು ತಳ್ಳಿಹಾಕುವವರೊಂದಿಗೆ ನಾನಿಲ್ಲ. ಮತ ಹಾಕಿದ ಮೇಲೆ ಏಳು ಸೆಕೆಂಡು ಗಾಜಿನ ಹಿಂದೆ ಕಾಣುವ ಆ ಚೀಟಿ ನಮಗೆ ಬಂದದ್ದು ಸಂಶಯದಿಂದಲೇ. 1977ರಲ್ಲಿ ಈಶಾನ್ಯ ಮುಂಬೈಯಿಂದ ಗೆದ್ದಿದ್ದ ಸುಬ್ರಮಣಿಯನ್ ಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಗತ್ಯವೆಂದಿತು. ಸಂಶಯವನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಎಲ್ಲರಿಗೂ ಉಪಕಾರ ಮಾಡಿದ್ದಾರೆ. ಹತ್ತದೆ ಮನೆಯಲ್ಲಿ ಕುಳಿತು ಎಲ್ಲ ಮೋಸವೆಂದು ಹೇಳುತ್ತಲೇ ಇರುವವರು ತಮ್ಮ ಮಕ್ಕಳಿಗೆ ಮತ ಹಾಕುವುದೇ ವ್ಯರ್ಥ ಎಂದು ಕಲಿಸುತ್ತಾರೆ. ಜ್ವರ ಬಂದಾಗ ಮದ್ದು ಹುಡುಕುವುದು ಬೇರೆ, ಜ್ವರವನ್ನೇ ಊರು ಮಾಡಿಕೊಂಡು ಕೂರುವುದು ಬೇರೆ.

ಸ್ಥಾನಗಳ ಸಂಖ್ಯೆಯೂ ಸೋತವರನ್ನು ಬಹಳ ದಾರಿ ತಪ್ಪಿಸುತ್ತದೆ. 2014ರಲ್ಲಿ ಕಾಂಗ್ರೆಸ್ಸಿಗೆ 44 ಸ್ಥಾನ. ದೇಶವೇ ಕಾಂಗ್ರೆಸ್ಸನ್ನು ಒರೆಸಿಹಾಕಿತು ಎಂದು ಗೆದ್ದವರೂ ಹೇಳಿದರು, ಸೋತವರೂ ನಂಬಿದರು. ಆದರೆ ಆ 44ರ ಹಿಂದೆ ಹತ್ತೂವರೆ ಕೋಟಿಗೂ ಹೆಚ್ಚು ಮತಗಳಿದ್ದವು, ಶೇಕಡಾ 19ಕ್ಕಿಂತ ಮೇಲೆ. 2009ರಲ್ಲಿ ಬಿಜೆಪಿ 116 ಸ್ಥಾನ ಗೆದ್ದಾಗ ಅದರ ಪಾಲು ಶೇಕಡಾ 18.8 ಮಾತ್ರ. ಒಂದೇ ಪ್ರಮಾಣದ ಜನ ಜೊತೆಗಿದ್ದರೂ ಒಬ್ಬರು ಮುಗಿದೇಹೋದರು ಎನಿಸಿಕೊಂಡರು, ಇನ್ನೊಬ್ಬರು ಹಿನ್ನಡೆ ಕಂಡರು ಎನಿಸಿಕೊಂಡರು. 2014ರಲ್ಲಿ ಗೆದ್ದ ಬಿಜೆಪಿಯ ಪಾಲೂ ಶೇಕಡಾ 31. ಪ್ರತಿ ಕ್ಷೇತ್ರದಲ್ಲೂ ಮುಂದಿದ್ದವನೊಬ್ಬನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಹೀಗಾಗುತ್ತದೆ. ಅಂದು ಲೋಕಲ್ ರೈಲಿನಲ್ಲಿ ತಾನೊಬ್ಬನೇ ಉಳಿದೆ ಎಂದು ಕುಗ್ಗಿ ಕುಳಿತವನ ಡಬ್ಬಿಯಲ್ಲೇ ಅವನಂತೆ ಕುಗ್ಗಿದ್ದ ಎಷ್ಟೋ ಜನರಿದ್ದರು.

ನಮ್ಮ ವಾಯವ್ಯ ಮುಂಬೈ ಕ್ಷೇತ್ರ 2024ರಲ್ಲಿ ಇಡೀ ದೇಶದ ಕಣ್ಣಿಗೆ ಬಿತ್ತು. ಶಿವಸೇನೆ ಎರಡಾದ ಮೇಲಿನ ಮೊದಲ ಲೋಕಸಭಾ ಚುನಾವಣೆ. ಶಿಂದೆ ಬಣದ ರವೀಂದ್ರ ವಾಯ್ಕರ್ 4,52,644 ಮತ ಪಡೆದರು, ಉದ್ಧವ್ ಬಣದ ಅಮೋಲ್ ಕೀರ್ತಿಕರ್ 4,52,596. ಅಂತರ 48. ಯಾರಿಗೂ ಬೇಡವೆಂದು ನೋಟಾ ಒತ್ತಿದವರೇ ಸಾವಿರಗಟ್ಟಲೆ ಇದ್ದ ಕ್ಷೇತ್ರದಲ್ಲಿ 48! ಅದಕ್ಕಿಂತ ಹೆಚ್ಚು ಜನ ನಮ್ಮ ಒಂದು ಕಟ್ಟಡದಲ್ಲಿದ್ದಾರೆ. ಎಣಿಕೆಯ ಬಗ್ಗೆ ಆಕ್ಷೇಪ ಹೈಕೋರ್ಟಿಗೆ ಹೋಯಿತು, ಡಿಸೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ಸೋತ ಅಮೋಲ್ ಅವರ ತಂದೆ ಗಜಾನನ ಕೀರ್ತಿಕರ್ ಅದೇ ಕ್ಷೇತ್ರದ ಆಗಿನ ಸಂಸದರು, ಮತ್ತು ಅವರಿದ್ದದ್ದು ಗೆದ್ದ ಬಣದಲ್ಲಿ. ಒಂದೇ ಮನೆಯಲ್ಲಿ ಆ ರಾತ್ರಿ ಏನು ಮಾತಾಯಿತೋ ಎಂದು ನಮ್ಮ ಕಟ್ಟಡದವರೆಲ್ಲ ಆಡಿಕೊಂಡರು. ನನಗೆ ಆಗ ನೆನಪಾದದ್ದು ಅಪ್ಪ ಮತ್ತು ಚಿಕ್ಕಪ್ಪ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಗಂಟಲಲ್ಲಿ ಉಳಿಯುತ್ತದೆ. ಸೋಲನ್ನು ಒಪ್ಪಿಕೊಳ್ಳಿ, ಮತದಾರನನ್ನು ಗೌರವಿಸಿ ಎಂದು ಹೇಳುವುದು ಸೋತರೂ ಏನೂ ಕಳೆದುಕೊಳ್ಳದವನಿಗೆ ಸುಲಭ. ಜೋಗೇಶ್ವರಿಯಲ್ಲಿ ನನಗೊಬ್ಬ ಬ್ಯಾರಿ ಗೆಳೆಯರಿದ್ದಾರೆ, ಉಳ್ಳಾಲದ ಕಡೆಯ ಮುಸ್ಲಿಮರು. 1992 ಮತ್ತು 93ರ ಗಲಭೆಯಲ್ಲಿ ಅವರ ಕುಟುಂಬ ಮನೆ ಬಿಟ್ಟು ವಾರಗಟ್ಟಲೆ ಸಂಬಂಧಿಕರಲ್ಲಿ ತಲೆಮರೆಸಿಕೊಂಡಿತ್ತು. ತೆರಿಗೆ, ರಸ್ತೆ, ಬೆಲೆಯೇರಿಕೆಗಳ ಲೆಕ್ಕದಲ್ಲಿ ನಾನು ಸೋಲುತ್ತೇನೆ. ಅವರು ಸೋತಾಗ ಅವರ ಮನಸ್ಸು ಬೇರೆಯೇ ಕಡೆಗೆ ಹೋಗುತ್ತದೆ. ಒಮ್ಮೆ ಫಲಿತಾಂಶದ ಮರುದಿನ ಅವರ ಅಂಗಡಿಗೆ ಹೋಗಿದ್ದೆ. ತುಳುವಿನಲ್ಲೇ ಮಾತು. ಅವರು ಸೋಲಿನ ವಿಷಯ ಎತ್ತಲೇ ಇಲ್ಲ. ಎದುರಿನ ಕಟ್ಟಡದಲ್ಲಿ ಪಟಾಕಿ ಹಚ್ಚಿದವರೆಲ್ಲ ತಮ್ಮ ಗಿರಾಕಿಗಳು ಎಂದು ಮಾತ್ರ ಹೇಳಿದರು. ಅಂಥವರ ಮುಂದೆ ನಿಂತು ಜನಾದೇಶವನ್ನು ಗೌರವಿಸಬೇಕು ಎಂದು ನಾನು ಹೇಗೆ ಉಪದೇಶ ಮಾಡಲಿ? ಗೆದ್ದವರೇ ಅವರ ಅಂಗಡಿಗೆ ಹೋಗಬೇಕು. ಚಿಕ್ಕಪ್ಪ ಬರೆದ ಪತ್ರದಂತೆ, ಹೆದರಬೇಡಿ ಎಂದು ಬಾಯಿಬಿಟ್ಟು ಹೇಳಬೇಕು. ಸೋತವರ ಸಮ್ಮತಿಯನ್ನು ಗೆದ್ದವರು ಸಂಪಾದಿಸಿಕೊಳ್ಳಬೇಕಾಗುತ್ತದೆ, ಅದು ಎಣಿಕೆ ಕೇಂದ್ರದಲ್ಲಿ ಪ್ರಮಾಣಪತ್ರದ ಜೊತೆ ಬರುವುದಿಲ್ಲ. ನಾನು ಗೆದ್ದ ವರ್ಷಗಳಲ್ಲಿ ನನ್ನ ಕಡೆಯವರು ಎಲ್ಲರೂ ಹಾಗೆ ನಡೆದುಕೊಂಡರು ಎಂದು ಹೇಳಲಾರೆ.

ಆ ಗೆಳೆಯರು ಮಾಡುತ್ತಿರುವ ಕೆಲಸವನ್ನು ಹೇಳಿ ಮುಗಿಸುತ್ತೇನೆ. 2024ರ ಮತದಾನದ ದಿನ ಅವರ ಓಣಿಯಲ್ಲಿ ಹಲವರ ಹೆಸರು ಪಟ್ಟಿಯಲ್ಲಿ ಸಿಗಲಿಲ್ಲ. ಬಿಸಿಲಿನಲ್ಲಿ ನಿಂತು ಹಿಂದಿರುಗಿದವರಲ್ಲಿ ಎಲ್ಲ ಪಕ್ಷದವರೂ ಇದ್ದರು. ಅಂದಿನಿಂದ ಅವರು ಭಾನುವಾರ ಮಧ್ಯಾಹ್ನ ಅಂಗಡಿಯ ಒಂದು ಬದಿಗೆ ಮೇಜು ಹಾಕಿಕೊಂಡು, ಮಗಳ ಲ್ಯಾಪ್‌ಟಾಪ್ ಇಟ್ಟುಕೊಂಡು, ಬಂದವರ ಹೆಸರು ಹುಡುಕಿ ಕೊಡುತ್ತಾರೆ. ಹೆಸರಿಲ್ಲದವರಿಗೆ ನಮೂನೆ 6, ವಿಳಾಸ ಬದಲಾದವರಿಗೆ ನಮೂನೆ 8 ತುಂಬಿಸುತ್ತಾರೆ. ನಾನೂ ಆಗಾಗ ಹೋಗಿ ಕೂರುತ್ತೇನೆ. ಪಟಾಕಿ ಹಚ್ಚಿದ ಕಟ್ಟಡದ ಹುಡುಗರು ಬಂದಾಗ ನಾನು ತಡೆಯಲಾರದೆ ಕೇಳಿದ್ದೆ, ಇವರ ಮತ ಎಲ್ಲಿಗೆ ಹೋಗುತ್ತದೆಂದು ನಿಮಗೆ ಗೊತ್ತಲ್ಲವೇ ಎಂದು.

"ಗೊತ್ತು ಪೂಜಾರಿಯವರೇ," ಎಂದರು. "ಆದರೆ ಆ ಹುಡುಗ ಈಗ ಪ್ರತಿ ವಾರ ಬಂದು ಹತ್ತು ನಿಮಿಷ ಕೂರುತ್ತಾನೆ. ಮೊದಲು ಕೂರುತ್ತಿರಲಿಲ್ಲ."

ಕಳೆದ ಭಾನುವಾರ ಬಂದವರು ರಾಯಚೂರಿನ ದಂಪತಿ, ಕಟ್ಟಡದ ಕೆಲಸದವರು. ಇಲ್ಲಿ ಬಾಡಿಗೆ ಕರಾರು ಇಲ್ಲ, ಊರಿನ ಪಟ್ಟಿಯಲ್ಲಿ ಗಂಡನ ಹೆಸರಿದೆ, ಹೆಂಡತಿಯದು ಮದುವೆಗೆ ಮುಂಚಿನ ಹಳ್ಳಿಯಲ್ಲಿದೆ. ಅವರ ಮರಾಠಿ ಅಷ್ಟಕ್ಕಷ್ಟೆ, ಗೆಳೆಯರ ಕನ್ನಡಕ್ಕೂ ಅವರ ಕನ್ನಡಕ್ಕೂ ಹೊಂದಿಕೆ ಕಷ್ಟ. ಊರಿನಲ್ಲೇ ಹಾಕಬೇಕೋ ಇಲ್ಲಿ ಹಾಕಬೇಕೋ ಎಂದು ಗಂಡ ಹೆಂಡತಿ ತಮ್ಮಲ್ಲೇ ವಾದ ಮಾಡಿದರು. ಇಲ್ಲೇ ಎಂದು ಹೆಂಡತಿ ಹಟ ಹಿಡಿದಳು, ನೀರಿನ ಕೊಳಾಯಿಯ ಜಗಳ ಇಲ್ಲಿಯದು ಎಂಬುದು ಅವಳ ಕಾರಣ. ಮುಂದಿನ ವಾರ ಮೇಸ್ತ್ರಿಯಿಂದ ವಿಳಾಸದ ಕಾಗದ ತರುತ್ತೇವೆ ಎಂದು ಹೋಗಿದ್ದಾರೆ.